ಮನಸ್ಸು ಬರಲಿ ಅಂತ ಕಾಯಲಿಲ್ಲ

ಖಿನ್ನತೆ ಅಂದರೆ ಸದಾ ಅಳುತ್ತಾ ಕೂರುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ನನಗೆ ಅಳುವೇ ಬರುತ್ತಿರಲಿಲ್ಲ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಸ್ನಾನಕ್ಕೆ ಏಳುವುದೇ ದೊಡ್ಡ ಕೆಲಸವಾಗಿತ್ತು. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಬೆಳಿಗ್ಗೆ ತೀರಾ ಕಷ್ಟ, ಸಂಜೆ ಹೊತ್ತಿಗೆ ಅಷ್ಟಿಷ್ಟು ಹಗುರ. ಸೋಮಾರಿತನ ಅಂತ ಸುತ್ತಲಿನವರು ಅಂದದ್ದಕ್ಕೆ ಮನೋವೈದ್ಯರು ರೋಗಲಕ್ಷಣ ಅಂದರು.

ಮೊದಲು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆಯಿದ್ದರೂ, ವಿಟಮಿನ್ ಬಿ12 ಕೊರತೆಯಿದ್ದರೂ ಇಂಥದೇ ಸುಸ್ತು, ಮಂಕು ಬರಬಹುದಂತೆ. ಆಮೇಲೆ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿ ಕೊಟ್ಟರು. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ವಿಚಾರಿಸಿ ನೋಡುತ್ತಾರೆ. ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಮುಚ್ಚುಮರೆ ಮಾಡದೆ ಉತ್ತರಿಸಬೇಕು. ಅಲ್ಲಿ ಸೊನ್ನೆ ಬರದಿದ್ದರೆ ಉಳಿದ ಮೊತ್ತ ಎಷ್ಟೇ ಇರಲಿ, ಅವತ್ತೇ ಮಾತಾಡಬೇಕಾದ ವಿಷಯ ಅದು.

ಮಾತ್ರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಕೊಟ್ಟದ್ದು ಎಸ್‌ಎಸ್‌ಆರ್‌ಐ ಅನ್ನೋ ಖಿನ್ನತೆಯ ಮಾತ್ರೆಗಳ ಗುಂಪಿನದು. ಅದರಲ್ಲಿ ವಾಕರಿಕೆ ಮೊದಲು ಬರಬಹುದು, ಗುಣ ಕಾಣಲು ಕೆಲವು ವಾರ ಬೇಕು. ಚೆನ್ನಾಗಿದ್ದೇನೆ ಅನ್ನಿಸಿದ ಕೂಡಲೇ ನಾವಾಗಿಯೇ ನಿಲ್ಲಿಸಬಾರದು.

ನನ್ನನ್ನು ನಿಜಕ್ಕೂ ಎಬ್ಬಿಸಿದ್ದು ಒಂದು ಹಾಳೆ. ಆಪ್ತಸಮಾಲೋಚಕಿ ಅದರಲ್ಲಿ ಗಂಟೆವಾರು ಗೆರೆ ಎಳೆಸಿದರು. ಏನು ಮಾಡಿದೆ ಅಂತ ಬರೆದು, ಪಕ್ಕದಲ್ಲಿ ಎರಡು ಅಂಕ: ಎಷ್ಟು ಖುಷಿ, ಮಾಡಿ ಮುಗಿಸಿದೆ ಅನ್ನೋ ತೃಪ್ತಿ ಎಷ್ಟು. ಎರಡೂ 10ಕ್ಕೆ. ಇದು ವರ್ತನಾ ಚಿಕಿತ್ಸೆಯ ಹಳೆಯ ಉಪಾಯ. ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಬೆಳೆಸಿದ ವಾದ ಇದರ ಹಿಂದಿದೆ. ಮಂಕಾದವರು ಕೆಲಸ ಬಿಡುತ್ತಾರೆ, ಕೆಲಸ ಬಿಟ್ಟಾಗ ಖುಷಿ ಕೊಡುವುದೂ ಕೈತಪ್ಪುತ್ತದೆ, ಮಂಕು ಇನ್ನೂ ಹೆಚ್ಚುತ್ತದೆ. ಈ ಸುತ್ತನ್ನು ಕೆಲಸದ ಕಡೆಯಿಂದ ಕಡಿಯಬೇಕು. ಮನಸ್ಸಿನ ಕಡೆಯಿಂದ ಕಡಿಯುವುದು ಕಷ್ಟ.

ಆ ಹಾಳೆಗೆ ನಾನೊಂದು ಕಾಲಂ ಸೇರಿಸಿದೆ. ಕೆಲಸಕ್ಕೆ ಮುಂಚೆಯೇ ಎಷ್ಟು ಖುಷಿ ಸಿಗಬಹುದು ಅಂತ ಊಹಿಸಿ ಬರೆಯುವುದು. ನಡಿಗೆಗೆ 1 ಅಂತ ಊಹಿಸಿದ್ದೆ, ಬಂದ ಮೇಲೆ 3 ಬರೆದೆ. ಸ್ನೇಹಿತನಿಗೆ ಫೋನ್ ಮಾಡುವುದಕ್ಕೆ ಸೊನ್ನೆ ಹಾಕಿದ್ದೆ, ಮಾತಾಡಿ ಇಟ್ಟಾಗ 4. ಹಾಸಿಗೆಯಲ್ಲಿ ಮಲಗಿ ಮೊಬೈಲ್ ಉಜ್ಜುವುದಕ್ಕೆ ಮಾತ್ರ ಉಲ್ಟಾ: ಊಹೆ 5, ಸಿಕ್ಕಿದ್ದು 1. ನನ್ನ ಊಹೆಯೇ ಕಾಯಿಲೆ ಬಿದ್ದಿದೆ ಅಂತ ನನ್ನದೇ ಅಕ್ಷರದಲ್ಲಿ ಕಂಡಿತು. ‘ಪಾಸಿಟಿವ್ ಆಗಿ ಯೋಚಿಸು’ ಅಂದವರಾರೂ ಇದನ್ನು ತೋರಿಸಿರಲಿಲ್ಲ. ಆ ಉಪದೇಶದಿಂದ ನನಗಂತೂ ಚೂರೂ ಉಪಯೋಗವಾಗಲಿಲ್ಲ.

ಕೆಲಸಗಳನ್ನು ನಾಚಿಕೆಯಾಗುವಷ್ಟು ಚಿಕ್ಕದು ಮಾಡಿದೆ. ‘ಕೋಣೆ ಚೊಕ್ಕಟ ಮಾಡುವುದು’ ಅಲ್ಲ, ‘ಕುರ್ಚಿ ಮೇಲಿನ ಬಟ್ಟೆ ಮಡಚುವುದು’. ‘ವ್ಯಾಯಾಮ’ ಅಲ್ಲ, ‘ಚಪ್ಪಲಿ ಹಾಕಿಕೊಂಡು ಗೇಟಿನ ತನಕ’. ಸಮಯವನ್ನೂ ಬರೆಯುತ್ತಿದ್ದೆ, ಯಾಕಂದರೆ ‘ಆಮೇಲೆ’ ಅಂದದ್ದು ಯಾವುದೂ ಆಗುತ್ತಿರಲಿಲ್ಲ. ಕಷ್ಟದ್ದನ್ನು ಸಂಜೆಗೆ ಇಟ್ಟುಕೊಂಡೆ, ಬೆಳಿಗ್ಗೆಗೆ ಹಲ್ಲುಜ್ಜುವುದು ಸಾಕು.

ಜೊತೆಗಿರುವವರಿಗೆ ಒಂದು ಮಾತು. ‘ಏನಾದರೂ ಬೇಕಿದ್ದರೆ ಹೇಳು’ ಅಂದರೆ ಏನು ಬೇಕೆಂದು ಹುಡುಕುವ ಕೆಲಸವೂ ಕಾಯಿಲೆಯವರ ತಲೆಗೇ ಬೀಳುತ್ತದೆ. ನನ್ನ ಅಕ್ಕ ಹಾಗೆ ಕೇಳುತ್ತಿರಲಿಲ್ಲ. ‘ಆರು ಗಂಟೆಗೆ ಬರ್ತೀನಿ ಕಣೋ, ನಡೆಯೋಣ. ಮಾತಾಡಲೇಬೇಕು ಅಂತೇನಿಲ್ಲ’ ಅನ್ನುತ್ತಿದ್ದಳು.

ಹಾಳೆ ಈಗ ದಿನಾ ಬೇಕಾಗಿಲ್ಲ. ಬೆಳಗಿನ ಜಾವದ ಎಚ್ಚರ ಮತ್ತೆ ಶುರುವಾಗಿ, ಫೋನ್ ಎತ್ತದೆ ಬಿಡುವುದೂ ಅದರ ಜೊತೆ ಸೇರಿದರೆ ಹಾಳೆ ಹೊರಗೆ ಬರುತ್ತದೆ, ವೈದ್ಯರ ಅಪಾಯಿಂಟ್‌ಮೆಂಟೂ ಆಗುತ್ತದೆ. ಈ ಎರಡು ಗುರುತನ್ನು ಅಕ್ಕನಿಗೂ ಹೇಳಿಟ್ಟಿದ್ದೇನೆ. ಎಷ್ಟೋ ಸಲ ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತದೆ.