ಯುರೋಪಿನ ಬ್ಯಾಸ್ಕೆಟ್‌ಬಾಲ್ ಆಟಗಾರನ ವೃತ್ತಿಜೀವನವನ್ನು ಓದುವ ಬಗೆ

ಯುರೋಪಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರನ ಅಂಕಿಅಂಶದ ಪಟ್ಟಿಯನ್ನು ಮೊದಲ ಸಲ ತೆರೆದವರಿಗೆ ಒಂದೇ ಋತುವಿನ ಎದುರು ಎರಡು ಸಾಲುಗಳು ಕಂಡು ಗೊಂದಲವಾಗುತ್ತದೆ. ಒಂದು ದೇಶದೊಳಗಿನ ಲೀಗಿನ ಲೆಕ್ಕ, ಇನ್ನೊಂದು ಯುರೋಲೀಗಿನಂಥ ಖಂಡಮಟ್ಟದ ಸ್ಪರ್ಧೆಯದು. ರಿಯಲ್ ಮ್ಯಾಡ್ರಿಡ್‌ನ ಆಟಗಾರನು ಸ್ಪೇನಿನ ಎಸಿಬಿ ಲೀಗಿನಲ್ಲೂ ಯುರೋಲೀಗಿನಲ್ಲೂ ಅದೇ ತಿಂಗಳುಗಳಲ್ಲಿ ಆಡುತ್ತಾನೆ. ಇವೆರಡನ್ನೂ ಬೆರೆಸಿ ಸರಾಸರಿ ತೆಗೆಯಬಾರದು. ಎದುರಾಳಿಗಳ ಮಟ್ಟವೂ ತರಬೇತುದಾರ ಕೊಡುವ ನಿಮಿಷಗಳೂ ಬೇರೆಯಾದ್ದರಿಂದ ಯುರೋಲೀಗಿನ ಸಾಲನ್ನೇ ಮೊದಲು ಓದುವುದು ಒಳ್ಳೆಯದು.

ಅಂಕಗಳಿಗಿಂತ ಮುಂಚೆ ನಿಮಿಷಗಳನ್ನು ನೋಡಬೇಕು. ಯುರೋಪಿನ ಪಂದ್ಯ 40 ನಿಮಿಷಗಳದ್ದು, ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎ ಪಂದ್ಯ 48 ನಿಮಿಷಗಳದ್ದು. 25 ನಿಮಿಷಗಳಲ್ಲಿ 15 ಅಂಕ ಗಳಿಸುವವನು ಅದೇ ವೇಗದಲ್ಲಿ 36 ನಿಮಿಷ ಆಡಿದರೆ 21 ಅಂಕಗಳನ್ನು ದಾಟುತ್ತಾನೆ. ಪಟ್ಟಿಯ ಕೊನೆಯಲ್ಲಿರುವ ಪಿಐಆರ್ (ಒಟ್ಟಾರೆ ಸಾಧನೆಯ ಸೂಚ್ಯಂಕ) ಎಂಬ ಅಂಕಣ ಅಂಕ, ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್) ಮುಂತಾದವನ್ನು ಕೂಡಿಸಿ, ತಪ್ಪಿದ ಎಸೆತ, ಫೌಲ್, ಕಳೆದುಕೊಂಡ ಚೆಂಡುಗಳನ್ನು ಕಳೆದ ಮೊತ್ತ. ರಕ್ಷಣೆಯ ಮೌನ ಕೆಲಸ ಅದರಲ್ಲಿ ಕಾಣುವುದೇ ಇಲ್ಲವಾದ್ದರಿಂದ ಅದನ್ನು ಅತಿಯಾಗಿ ನಂಬಬಾರದು.

ಹೆಚ್ಚು ತಪ್ಪುಗಳಾಗುವುದು ಡ್ರಾಫ್ಟ್ ಸಾಲನ್ನು, ಅಂದರೆ ಎನ್‌ಬಿಎ ತಂಡಗಳು ಪ್ರತಿವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಆಯ್ಕೆಯ ಸಾಲನ್ನು, ಓದುವಾಗ. ಎನ್‌ಬಿಎ ತಂಡವೊಂದು ಹೆಸರು ಆರಿಸಿತೆಂದರೆ ಆ ಆಟಗಾರ ಅಮೆರಿಕಕ್ಕೆ ಹೋದನೆಂದು ಅರ್ಥವಲ್ಲ. ತಂಡಕ್ಕೆ ಸಿಗುವುದು ಅವನ ಮೇಲಿನ ಹಕ್ಕು ಮಾತ್ರ, ಅವನು ತನ್ನ ಕ್ಲಬ್ಬಿನಲ್ಲೇ ಮುಂದುವರಿಯಬಹುದು. 2014ರಲ್ಲಿ 41ನೆಯವನಾಗಿ ಆಯ್ಕೆಯಾದ ನಿಕೋಲಾ ಯೋಕಿಚ್ ಇನ್ನೊಂದು ಋತುವನ್ನು ಸೆರ್ಬಿಯದಲ್ಲಿ ಆಡಿ 2015ರಲ್ಲಿ ಎನ್‌ಬಿಎಯ ಡೆನ್ವರ್ ತಂಡ ಸೇರಿದ. ಅದೇ ಡ್ರಾಫ್ಟಿನ 52ನೆಯ ಆಯ್ಕೆ ವಾಸಿಲಿಯೆ ಮಿಸಿಚ್, ಇಸ್ತಾಂಬುಲ್‌ನ ಅನಡೋಲು ಎಫೆಸ್‌ಗೆ 2021 ಮತ್ತು 2022ರಲ್ಲಿ ಯುರೋಲೀಗ್ ಗೆದ್ದುಕೊಟ್ಟು, 2023ರಲ್ಲಷ್ಟೇ ಎನ್‌ಬಿಎಗೆ ಹೋದ. 2009ರ 34ನೆಯ ಆಯ್ಕೆಯಾದ ಸೆರ್ಜಿಯೊ ಯುಲ್ ಹೋಗಲೇ ಇಲ್ಲ. ಮ್ಯಾಡ್ರಿಡ್‌ನಲ್ಲೇ ಉಳಿದು 2017ರಲ್ಲಿ ಯುರೋಲೀಗಿನ ಅತ್ಯುತ್ತಮ ಆಟಗಾರನಾದ ಆತ, 2023ರ ಫೈನಲ್‌ನಲ್ಲಿ ಕೊನೆಯ ಕ್ಷಣಗಳ ಎಸೆತದಿಂದ ಒಲಿಂಪಿಯಾಕೋಸನ್ನು 79-78ರಲ್ಲಿ ಸೋಲಿಸಿದ. ಈ ಮೂರು ದಾರಿಗಳಲ್ಲಿ ಯಾವುದನ್ನೂ ಅರ್ಧಕ್ಕೆ ನಿಂತ ದಾರಿಯೆಂದು ಕರೆಯಲು ನನಗೆ ಕಾರಣ ಕಾಣುವುದಿಲ್ಲ.

ಎನ್‌ಬಿಎಯಿಂದ ಮರಳಿ ಬಂದವರ ಪಟ್ಟಿಯನ್ನೂ ಹೀಗೆಯೇ ಓದಬೇಕು. ವಾಸಿಲಿಸ್ ಸ್ಪಾನುಲಿಸ್ 2006-07ರಲ್ಲಿ ಹ್ಯೂಸ್ಟನ್‌ನಲ್ಲಿ ಒಂದೇ ಋತು ಕಳೆದು ಗ್ರೀಸ್‌ಗೆ ಹಿಂತಿರುಗಿದ. ಆ ಒಂದು ಸಾಲಿನಲ್ಲೇ ಕಣ್ಣು ನೆಟ್ಟವರಿಗೆ ಅದರ ಕೆಳಗಿರುವ 2009, 2012, 2013ರ ಮೂರು ಯುರೋಲೀಗ್ ಪ್ರಶಸ್ತಿಗಳು, ಮೂರೂ ಸಲ ಫೈನಲ್ ಫೋರ್‌ನ (ಕೊನೆಯ ನಾಲ್ಕು ತಂಡಗಳ ನಿರ್ಣಾಯಕ ಹಂತದ) ಅತ್ಯುತ್ತಮ ಆಟಗಾರನೆಂಬ ಗೌರವ ತಪ್ಪಿಹೋಗುತ್ತವೆ.

ಹಳೆಯ ಆಟಗಾರರ ಪ್ರಶಸ್ತಿಗಳನ್ನು ಎಣಿಸುವಾಗ ಎರಡು ಸಂಗತಿ ನೆನಪಿರಲಿ. ಡ್ರಾಜೆನ್ ಪೆಟ್ರೊವಿಚ್ 1985 ಮತ್ತು 1986ರಲ್ಲಿ ಜಾಗ್ರೆಬ್‌ನ ಚಿಬೋನಾ ತಂಡದೊಂದಿಗೆ ಗೆದ್ದ ಚಾಂಪಿಯನ್ಸ್ ಕಪ್, ಹೆಸರು ಬೇರೆಯಾದರೂ, ಇಂದಿನ ಯುರೋಲೀಗಿನ ಪರಂಪರೆಗೇ ಸೇರಿದ್ದು. 2000-01ರಲ್ಲಿ ಮಾತ್ರ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾ ಮತ್ತು ಯುರೋಪಿನ ಲೀಗುಗಳ ಒಕ್ಕೂಟ ಬೇರೆ ಬೇರೆ ಸ್ಪರ್ಧೆ ನಡೆಸಿದ್ದರಿಂದ ಯುರೋಪಿಗೆ ಇಬ್ಬರು ಚಾಂಪಿಯನ್ನರಿದ್ದರು: ಫಿಬಾದ ಸುಪ್ರೋಲೀಗ್ ಗೆದ್ದ ಮಕಾಬಿ ಟೆಲ್ ಅವೀವ್, ಯುರೋಲೀಗ್ ಗೆದ್ದ ಬೊಲೋನ್ಯದ ವಿರ್ಟುಸ್. ಆ ವರ್ಷದ ಪದಕ ಯಾರ ಪಟ್ಟಿಯಲ್ಲಿದ್ದರೂ ಅದು ಯಾವ ಸ್ಪರ್ಧೆಯದೆಂದು ನೋಡಿಕೊಂಡೇ ಎಣಿಸಬೇಕು.