ಫ್ಲಶ್ ಬಂತು, ದುಡ್ಡು ಬರಲಿಲ್ಲ

ನಮ್ಮ ಮನೆಯಲ್ಲಿ ಇಸ್ಪೀಟು ಅಂದರೆ ಹಬ್ಬದ ರಾತ್ರಿಯ ರಮ್ಮಿ. ಬೇಕಾದ ಎಲೆ ಬರುವ ತನಕ ಕಾಯುವ ಚಟ ನನಗೆ ಹತ್ತಿದ್ದು ಅಲ್ಲೇ. ಆ ಚಟಕ್ಕೆ ದಂಡ ಕಟ್ಟಿದ್ದು ಮಾತ್ರ ಪಣಜಿಯಲ್ಲಿ, ಮಾಂಡೋವಿ ನದಿಯ ಮೇಲಿನ ಕ್ಯಾಸಿನೊ ಹಡಗಿನಲ್ಲಿ, ಪೋಕರ್‌ನ ನೋ-ಲಿಮಿಟ್ ಹೋಲ್ಡೆಮ್ ಟೇಬಲ್ಲಿನಲ್ಲಿ. ಅಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ; ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಎಲ್ಲ ಸೇರಿಸಿ ಒಂದೇ ಜಾತಿಯ ಐದು ಎಲೆ ಕೂಡಿದರೆ ಫ್ಲಶ್.

ಬ್ಲೈಂಡ್, ಅಂದರೆ ಎಲೆ ಹಂಚುವ ಮುಂಚೆಯೇ ಇಬ್ಬರು ಹಾಕಲೇಬೇಕಾದ ಹಣ, 100-200. ನಾನು ಬಟನ್‌ನಲ್ಲಿದ್ದೆ (ಎಲೆ ಹಂಚುವವನ ಜಾಗ), ಕೈಯಲ್ಲಿ ಆಟೀನ್ ಎಂಟು, ಆಟೀನ್ ಏಳು. ನನ್ನ ಬಲಗಡೆ ಕೂತಿದ್ದ ಕನ್ನಡಕದ ಮನುಷ್ಯ 600ಕ್ಕೆ ಏರಿಸಿದ. ಗಂಟೆಗೆ ನಾಲ್ಕು ಮಾತೂ ಆಡದವನು; ಸಂಜೆಯಿಂದ ಎಲ್ಲರ ಚಿಪ್ಸೂ ನಿಧಾನಕ್ಕೆ ಅವನ ಕಡೆಗೇ ಹರಿಯುತ್ತಿದ್ದವು. ಕಾಲ್ ಮಾಡಿದೆ, ಅಂದರೆ ನಾನೂ ಅಷ್ಟೇ ಹಾಕಿದೆ. ಬ್ಲೈಂಡ್ ಹಾಕಿದವರು ಎಲೆ ಎಸೆದು ಹಿಂದೆ ಸರಿದರು, ಪಾಟ್ (ನಡುವೆ ಸೇರಿದ ಒಟ್ಟು ಹಣ) 1,500. ಫ್ಲಾಪ್: ಆಟೀನ್ ರಾಜ, ಇಸ್ಪೀಟ್ ಗುಲಾಮ, ಆಟೀನ್ ನಾಲ್ಕು. ಅವನು 1,000 ಹಾಕಿದ, ಕೊಟ್ಟೆ. ಟರ್ನ್‌ನಲ್ಲಿ ಕಳಾವರ್ ಎರಡು. 2,500 ಹಾಕಿದ, ಅದನ್ನೂ ಕೊಟ್ಟೆ. ರಿವರ್‌ನಲ್ಲಿ ಆಟೀನ್ ಮೂರು ಬಿತ್ತು! ಅವನು ಹಣ ಹಾಕದೆ ಚೆಕ್ ಅಂದ. ನಾನು 5,000 ತಳ್ಳಿದೆ. ಅವನು ಬೋರ್ಡನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, ಎಕ್ಕ-ರಾಜ ತೋರಿಸಿ ಎಸೆದುಬಿಟ್ಟ.

ಪಾಟ್ ನನ್ನದಾಯಿತು. ಗೆದ್ದೆ ಅಂದುಕೊಂಡೇ ವಾಪಸ್ ಬಸ್ಸು ಹತ್ತಿದ್ದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ಮುಖ ಇಳಿಯಿತು.

ಟರ್ನ್‌ನಲ್ಲಿ ನನಗೆ ಕಾಣದ ಎಲೆಗಳು 46, ಬೇಕಾದ ಆಟೀನ್‌ಗಳು 9. ನಾನು ಕಾಲ್ ಮಾಡುವ ಮುಂಚೆ ಪಾಟ್‌ನಲ್ಲಿದ್ದದ್ದು 6,000. ಒಂಬತ್ತು ಸಲ 6,000 ಸಿಕ್ಕರೆ 54,000. ಮೂವತ್ತೇಳು ಸಲ 2,500 ಹೋದರೆ 92,500. ಅಂದರೆ ಪ್ರತಿ ಕಾಲ್‌ಗೂ ಸರಾಸರಿ ಸುಮಾರು 840 ರೂಪಾಯಿ ಖೋತಾ. ಇದು ಸರಿಹೋಗಬೇಕಾದರೆ ಫ್ಲಶ್ ಬಂದಾಗಲೆಲ್ಲ ಅವನು ರಿವರ್‌ನಲ್ಲಿ ಇನ್ನೂ 4,300ರಷ್ಟು ಕೊಡಬೇಕು. ಹೊಸಬ ಕೊಡುತ್ತಾನೆ, ಜೋಡಿ ಎಕ್ಕವನ್ನು ಎದೆಗೆ ಅವಚಿಕೊಂಡು ಕೊಡುತ್ತಾನೆ. ಮೂರನೇ ಆಟೀನ್ ಕಂಡ ಕೂಡಲೇ ಕೈ ಹಿಂದೆಳೆಯುವ ಈ ಮನುಷ್ಯ ಕೊಡುವುದಿಲ್ಲ.

ಫ್ಲಶ್ ಡ್ರಾಗೆ (ಇನ್ನೊಂದು ಎಲೆ ಬಂದರೆ ಫ್ಲಶ್ ಆಗುವ ಕೈಗೆ) ಶೇ 35 ಸಾಧ್ಯತೆ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಫ್ಲಾಪ್‌ನಲ್ಲೇ ದುಡ್ಡೆಲ್ಲ ಒಳಗೆ ಹೋಗಿ ಎರಡೂ ಎಲೆ ನೋಡಲು ಸಿಕ್ಕರೆ ಮಾತ್ರ ಆ 35. ಗಟ್ಟಿ ಆಟಗಾರ ಎರಡನೇ ಎಲೆಗೆ ಬೇರೆ ಟಿಕೆಟ್ ಹರಿಯುತ್ತಾನೆ. ಒಂದು ಎಲೆಗೆ ಲೆಕ್ಕ ಹಿಡಿದರೆ ಉಳಿಯುವುದು 20ಕ್ಕೂ ಕಡಿಮೆ. ಅವನು ಪಾಟ್‌ನ ಅರ್ಧದಷ್ಟು ಹಾಕಿದರೂ ಕಾಲ್ ಮಾಡಲು 25 ಬೇಕು!

ಆಮೇಲೆ ಆನ್‌ಲೈನ್‌ನಲ್ಲಿ ಸಣ್ಣ ದುಡ್ಡಿಗೆ ಅಭ್ಯಾಸ ಮಾಡಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಅದು ನಿಂತ ಮೇಲೆ ಊಟದ ಮೇಜು, ಒಂದು ಕಟ್ಟು ಎಲೆ, ಒಂದು ನೋಟ್‌ಬುಕ್. ಅಲ್ಲಿ ಹೊಳೆದ ವಿಷಯ ಒಂದೇ: ಇಂಥವರ ಎದುರು ಡ್ರಾ ಕೂಡಿಬಂದಾಗ ದುಡ್ಡು ಹುಟ್ಟುವುದಿಲ್ಲ, ಅವರು ಎಲೆ ಎಸೆದಾಗ ಹುಟ್ಟುತ್ತದೆ. ಹಾಗಾಗಿ ಸುಮ್ಮನೆ ಕಾಲ್ ಮಾಡಿಕೊಂಡು ಕೂರುವುದನ್ನು ಬಹುಪಾಲು ಬಿಟ್ಟೆ. ಬಡ ಡ್ರಾಗಳನ್ನು ದೊಡ್ಡ ಬೆಟ್‌ಗೆ ಎಸೆಯುತ್ತೇನೆ. ಎಂಟರ ಫ್ಲಶ್ ಕೂಡಿಬಂದು ರಾಣಿ ಫ್ಲಶ್‌ಗೆ ಸೋಲುವುದಕ್ಕಿಂತ ಅದು ವಾಸಿ. ಬಲವಾದ ಡ್ರಾ ಇದ್ದರೆ ನಾನೇ ಏರಿಸುತ್ತೇನೆ. ಇನ್ನೊಂದು: ಮೂರನೇ ಆಟೀನ್‌ಗೆ ಎಸೆಯುವವನು ನನ್ನ ಕೈಯಲ್ಲಿ ಆಟೀನ್ ಇಲ್ಲದಾಗಲೂ ಎಸೆಯುತ್ತಾನಲ್ಲ!

ಮುಂದಿನ ಸಲ ಅದೇ ಹಡಗು, ಅದೇ ಕನ್ನಡಕ. ನಾನು ಬಿಗ್ ಬ್ಲೈಂಡ್‌ನಲ್ಲಿ (ದೊಡ್ಡ ಬ್ಲೈಂಡ್ ಹಾಕುವ ಜಾಗ), ಕಳಾವರ್ ಎಂಟು-ಏಳು, ಮುಂದೆ 14,000. ಅವನು 600 ಅಂದ, ಕೊಟ್ಟೆ, ಪಾಟ್ 1,300 ಆಯಿತು. ಫ್ಲಾಪ್: ಕಳಾವರ್ ರಾಣಿ, ಕಳಾವರ್ ಆರು, ಡೈಮನ್ ಐದು. ಯಾವುದೇ ಕಳಾವರ್ ಬಂದರೆ ಫ್ಲಶ್, ನಾಲ್ಕು ಅಥವಾ ಒಂಬತ್ತು ಬಂದರೆ ಸಾಲಾಗಿ ಐದು ಎಲೆ. ಒಟ್ಟು 15 ಎಲೆ. ಅವನು 900 ಹಾಕಿದ, ನಾನು 3,200ಕ್ಕೆ ಏರಿಸಿದೆ, ಕಾಲ್ ಮಾಡಿದ. ಟರ್ನ್‌ನಲ್ಲಿ ಆಟೀನ್ ಎರಡು. ಪಾಟ್ 7,700, ನನ್ನಲ್ಲಿ ಉಳಿದದ್ದು 10,200. ಅಷ್ಟನ್ನೂ ತಳ್ಳಿದೆ.

ಅವನು ಕನ್ನಡಕ ತೆಗೆದು ಶರಟಿಗೆ ಒರೆಸಿಕೊಂಡ. ಚಿಪ್ಸ್ ಎತ್ತಿ, ಇಳಿಸಿ, ಮತ್ತೆ ಎತ್ತಿದ. ಕಾಲ್. ಕಳಾವರ್ ಎಕ್ಕ, ಆಟೀನ್ ರಾಣಿ. ರಿವರ್‌ನಲ್ಲಿ ಇಸ್ಪೀಟ್ ರಾಜ. ಅವನ ಜೋಡಿ ರಾಣಿ ಗೆದ್ದಿತು.

ಪಕ್ಕದಲ್ಲಿದ್ದ ಹುಬ್ಬಳ್ಳಿಯವರು, “ಏಳು-ಎಂಟು ಹಿಡ್ಕೊಂಡು ಎಲ್ಲಾ ರೊಕ್ಕ ಹಾಕೂದೇನ್ರಿ?” ಅಂದರು. ಅವತ್ತಿಗೆ ಇಟ್ಟುಕೊಂಡಿದ್ದ ಮಿತಿ ಮುಗಿದಿತ್ತು, ಎದ್ದೆ.

ಬಸ್ಸು ಅನಮೋಡ ಘಾಟ್ ಏರುವಾಗ ಮೊಬೈಲ್ ಬೆಳಕಿನಲ್ಲಿ ನೋಟ್‌ಬುಕ್ ತೆಗೆದೆ. 46ರಲ್ಲಿ 15 ಎಲೆ ನನ್ನವು. ಅವನು ಕಾಲ್ ಮಾಡಿದರೆ ನನಗೆ ಸರಾಸರಿ 1,000 ಚಿಲ್ಲರೆ ನಷ್ಟ, ಎಸೆದರೆ 7,700 ಲಾಭ. ಎಂಟಕ್ಕೆ ಒಂದು ಸಲ ಎಸೆದರೂ ಸಾಕು. ಬರೆದು ಮುಚ್ಚುವಾಗ ನೆನಪಾಯಿತು: ಅವನ ಎಕ್ಕ ಕಳಾವರದ್ದು. ನನಗೆ ಬೇಕಾಗಿದ್ದ ಒಂದೆಲೆ ಅವನ ಕೈಯಲ್ಲೇ ಇತ್ತು. ಹಾಗಾದರೆ ಅವನ ಎರಡೂ ಎಲೆ ಬಿಟ್ಟು 44ರಲ್ಲಿ 14. ಎಂಟನ್ನು ಹೊಡೆದುಹಾಕಿ ಏಳು ಅಂತ ತಿದ್ದಿದೆ.