ಶ್ರೀ ಮುರಿದಾಗ

ಬೆಳಗಾವಿಯ ಖಡೇಬಜಾರಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸಿ ಕೊಡುವ ಕೆಲಸ. ಮದುವೆ ಸೀಸನ್ನಿನಲ್ಲಿ ಪ್ರೂಫ್ ನೋಡಲು ಬಂದ ಕಾಕಾ ಒಬ್ಬರು ಮೊದಲ ಸಾಲಿನಲ್ಲೇ ನಿಂತುಬಿಟ್ಟರು.

"ತಮ್ಮಾ, ಶುಭಕಾರ್ಯದ ಕಾರ್ಡಿನ್ಯಾಗ ಶ್ರೀನ ಮುರದೈತಲ್ಲೋ!"

ಹೌದು, ಮುರಿದಿತ್ತು. ಮೊದಲ ಅಕ್ಷರ ಚೆಂದ ಕಾಣಲಿ ಅಂತ, ಅದೊಂದನ್ನೇ ಹಲವು ಸಾಲಿನಷ್ಟು ದೊಡ್ಡದು ಮಾಡುವ ಡ್ರಾಪ್ ಕ್ಯಾಪ್ ಹಾಕಿದ್ದೆ. 'ಶ' ಒಂದೇ ಮೂರು ಸಾಲಿನಷ್ಟು ದೊಡ್ಡದಾಗಿ ನಿಂತಿತ್ತು. ಪಕ್ಕದಲ್ಲಿ ಚುಕ್ಕಿ ಚುಕ್ಕಿಯ ಪುಟ್ಟ ಉಂಗುರ, ಅದರ ಬುಡಕ್ಕೆ ರ ಒತ್ತು, ಜೊತೆಗೊಂದು ದೀರ್ಘ. ಆವತ್ತು ಶ್ರೀಗೆ ಬೇರೆ ಫ್ರೇಮ್ ಮಾಡಿ, ಪಕ್ಕಕ್ಕಿಟ್ಟು, ಕಾರ್ಡ್ ದಾಟಿಸಿದೆ.

ಪೇಜ್‌ಮೇಕರ್ ಅನ್ನುವ ಹಳೆಯ ಪುಟ ಜೋಡಿಸುವ ತಂತ್ರಾಂಶದಲ್ಲಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಆಸ್ಕಿ ಫಾಂಟ್ ಹಾಕಿ ಪಳಗಿದ ಕೈ ನನ್ನದು. ಪ್ರತಿ ಅಕ್ಷರಕ್ಕೂ, ಗುರುತಿಗೂ ತನ್ನದೇ ಸಂಖ್ಯೆ ಇರುವ ಯೂನಿಕೋಡ್ ಬೇಕಂತಲೇ ಈಗ ಬಳಸುವ ಉಚಿತ ತಂತ್ರಾಂಶಕ್ಕೆ ಬಂದಿದ್ದೆ. ಬೈದು ಬಿಡುವ ಬದಲು ತಯಾರಿಸುವವರಿಗೇ ತಿಳಿಸೋಣ ಅನ್ನಿಸಿತು. "ಕನ್ನಡ ಸರಿಯಾಗಿ ಬರುತ್ತಿಲ್ಲ, ಪಿಡಿಎಫ್ ಕೂಡ ನಿಧಾನ" ಅಂತ ಬರೆದು ಕಳಿಸಿದೆ. ನಮ್ಮ ಕಡೆ ಆ ತೊಂದರೆ ಕಾಣುತ್ತಿಲ್ಲ, ಮಾದರಿ ಫೈಲ್ ಕಳಿಸಿ ಅಂತ ಉತ್ತರ ಬಂತು. ಸಿಟ್ಟು ಬಂತು. ಆಮೇಲೆ ಹೊಳೆಯಿತು: ಓದುವವನಿಗೆ ಕನ್ನಡವೇ ಬಾರದು. ಶ್ರೀ ಮುರಿದಿದೆಯೋ ಇಲ್ಲವೋ ಅವನಿಗೆ ಹೇಗೆ ತಿಳಿಯಬೇಕು, ಅಲ್ವಾ?

ಎರಡನೇ ಸಲ ಬರೆಯುವಾಗ ಪಿಡಿಎಫ್ ದೂರು ಕೈಬಿಟ್ಟೆ. ಒಂದು ವರದಿಗೆ ಒಂದೇ ತಪ್ಪು. ಗಿರಾಕಿಯ ಕಾರ್ಡ್ ಕಳಿಸಲಿಲ್ಲ, ಅದರಲ್ಲಿ ಅವರ ಹೆಸರು, ಮೊಬೈಲ್ ನಂಬರ್ ಎಲ್ಲ ಇರುತ್ತದೆ. ಖಾಲಿ ಪುಟದಲ್ಲಿ 'ಶ್ರೀ' ಒಂದನ್ನೇ ಬರೆದು ಡ್ರಾಪ್ ಕ್ಯಾಪ್ ಹಾಕಿದೆ. ಮುರಿಯಿತು. ನೋಟೋ, ಲೋಹಿತ್, ತುಂಗಾ, ಮೂರೂ ಫಾಂಟ್ ಬದಲಿಸಿ ನೋಡಿದೆ. ಮೂರರಲ್ಲೂ ಅದೇ ಕಥೆ.

ಇಲ್ಲಿ ಬೆಳಗಾವಿ ನನ್ನ ಕೈಹಿಡಿಯಿತು. ನಮ್ಮಲ್ಲಿ ಕನ್ನಡದ ಜೊತೆ ಮರಾಠಿ ಕಾರ್ಡೂ ಹೊಡೆಯಬೇಕು. ದೇವನಾಗರಿಯಲ್ಲಿ ಶ್ರೀ ಬರೆದು ನೋಡಿದರೆ ಅದೂ ಮುರಿಯಿತು! ಅಲ್ಲಿಗೆ ತಪ್ಪು ಫಾಂಟಿನದಲ್ಲ, ಕನ್ನಡದ್ದೂ ಅಲ್ಲ ಅಂತಾಯಿತು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ಶ್ರೀ ಯೂನಿಕೋಡಿನಲ್ಲಿ ನಾಲ್ಕು ತುಂಡು: ಶ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ರ, ಈಕಾರದ ಗುರುತು. ತಂತ್ರಾಂಶ ಮೊದಲ ತುಂಡನ್ನಷ್ಟೇ ದೊಡ್ಡದು ಮಾಡಿ ಉಳಿದ ಮೂರನ್ನು ಅನಾಥ ಮಾಡುತ್ತಿತ್ತು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ನಾಲ್ಕೂ ತುಂಡುಗಳ ಯೂನಿಕೋಡ್ ಸಂಖ್ಯೆ ಬರೆದೆ. ತಪ್ಪಾದ ಶ್ರೀ, ಸರಿಯಾದ ಶ್ರೀ, ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟೆ. ಯಾವ ಮೆನು, ಯಾವ ಕ್ಲಿಕ್, ಅದೂ ಬರೆದೆ. ತಂತ್ರಾಂಶದ ಆವೃತ್ತಿ, ವಿಂಡೋಸ್ 10, ಮೂರು ಸಾಲಿನ ಮಾದರಿ ಫೈಲ್. ಈ ಸಲ ಮರುಪ್ರಶ್ನೆಯೇ ಬರಲಿಲ್ಲ.

ಕೆಲವು ವಾರ ಕಳೆದು, ಪರೀಕ್ಷಾ ಆವೃತ್ತಿ ಹಾಕಿ ನೋಡಿ ಅಂತ ಸಂದೇಶ ಬಂತು. ಶ್ರೀ ಗಟ್ಟಿಯಾಗಿ ನಿಂತಿತ್ತು. ಖುಷಿಯಲ್ಲೇ ಪಕ್ಕದಲ್ಲಿದ್ದ ಸ್ತ್ರೀಶಕ್ತಿ ಸಂಘದ ಕರಪತ್ರ ತೆರೆದು ಅದಕ್ಕೂ ಡ್ರಾಪ್ ಕ್ಯಾಪ್ ಹಾಕಿದೆ. 'ಸ್ತ' ದೊಡ್ಡದಾಯಿತು, ರ ಒತ್ತು ಮತ್ತೆ ಉಂಗುರಕ್ಕೆ ಜೋತುಬಿತ್ತು. ಸ್ತ್ರೀಯಲ್ಲಿ ಹಲಂತ ಎರಡು, ಅವರು ಒಂದನ್ನಷ್ಟೇ ಲೆಕ್ಕ ಹಿಡಿದಿದ್ದರು. ಚಹಾ ತರಿಸಿಕೊಂಡು ಅದೇ ವರದಿಯ ಕೆಳಗೆ ಆರು ತುಂಡುಗಳ ಸಂಖ್ಯೆ ಬರೆಯಲು ಕೂತೆ.